ಕೂತಿದೆ ಅಂದುಕೊಂಡಿದ್ದು ಓಡಾಡುತ್ತಿತ್ತು

ಡಿಸೆಂಬರ್ ಬಂತೆಂದರೆ ನನ್ನ ಬ್ಯಾಗಿನಲ್ಲಿ ಎರಡು ಇನ್ಹೇಲರ್ ಇರುತ್ತವೆ. ಬೆಂಗಳೂರಿನ ಚಳಿಯೋ, ಧೂಳೋ, ಖಾಲಿ ಸೈಟುಗಳಲ್ಲಿ ಬೆಳೆದ ಪಾರ್ಥೇನಿಯಮ್ಮೋ, ಉಬ್ಬಸ ಮಾತ್ರ ತಪ್ಪದೆ ಬರುತ್ತದೆ. ನೀಲಿ ಇನ್ಹೇಲರ್ ಎಳೆದರೆ ಐದು ನಿಮಿಷದಲ್ಲಿ ಎದೆ ಹಗುರ. ಇನ್ನೊಂದು ಸ್ಟಿರಾಯ್ಡ್‌ದು. ಎಳೆದ ಆ ಹೊತ್ತಿಗೆ ಏನೂ ಆದಂತೆ ಅನ್ನಿಸುವುದಿಲ್ಲ. "ಒಂದೆರಡು ವಾರ ಬಿಡದೆ ತಗೊಳ್ಳಿ, ಆಮೇಲೆ ಗೊತ್ತಾಗುತ್ತೆ" ಅಂದಿದ್ದರು ಡಾಕ್ಟರ್. ಎರಡೂ ಹೋಗುವುದು ಅದೇ ಶ್ವಾಸನಾಳಕ್ಕೆ ಅಲ್ವಾ? ಒಂದಕ್ಕೆ ನಿಮಿಷ ಸಾಕು, ಇನ್ನೊಂದಕ್ಕೆ ದಿನಗಟ್ಟಲೆ ಯಾಕೆ?

ನೀಲಿಯದು ಜೀವಕೋಶದ ಹೊರಪೊರೆಯ ಮೇಲಿರುವ ರಿಸೆಪ್ಟರ್‌ಗೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನಿಗೆ, ತಾಗುತ್ತದೆ. ಬೆಲ್ ಒತ್ತಿದ ಹಾಗೆ, ಒಳಗಿನವರು ತಕ್ಷಣ ಓಗೊಡುತ್ತಾರೆ. ಸ್ಟಿರಾಯ್ಡ್ ಹಾಗಲ್ಲ, ಅದು ನಮ್ಮ ಮೈಯ ಕಾರ್ಟಿಸೋಲ್ ಹಾರ್ಮೋನಿನ ನಕಲು. ಅದು ಪೊರೆ ದಾಟಿ ಸೀದಾ ಒಳಗೆ ಹೋಗುತ್ತದೆ. ಅಲ್ಲಿ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ಎಂಬ ಪ್ರೋಟೀನು ಕಾಯುತ್ತಿರುತ್ತದೆ. ಹಾರ್ಮೋನ್ ಸಿಕ್ಕ ಮೇಲೆ ಅದು ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎ ಮೇಲೆ ತನ್ನ ಜಾಗ ಹುಡುಕಿ, ಕೆಲವು ಜೀನ್‌ಗಳನ್ನು ಚುರುಕು ಮಾಡುತ್ತದೆ, ಕೆಲವನ್ನು ತಗ್ಗಿಸುತ್ತದೆ. ಹೊಸ ಪ್ರೋಟೀನುಗಳು ತಯಾರಾಗಬೇಕು, ಹಳೆಯವು ಖಾಲಿಯಾಗಬೇಕು. ತಡವಾಗುವುದು ಅದಕ್ಕೇ.

ಇಷ್ಟನ್ನು ಪಿಯುಸಿ ಪುಸ್ತಕವೂ ಹೇಳುತ್ತದೆ. "ಡಿಎನ್‌ಎ ಮೇಲೆ ಕೂರುತ್ತದೆ" ಅಂತ ಸುಲಭವಾಗಿ ಹೇಳಿ ಮುಂದೆ ಹೋಗುತ್ತೇವೆ. ನಿಜಕ್ಕೂ ಕೂರುತ್ತದಾ ಅಂತ ನೋಡಲು ವಿಜ್ಞಾನಿಗಳಿಗೆ ನಲವತ್ತು ವರ್ಷ ಹಿಡಿಯಿತು.

ರಿಸೆಪ್ಟರ್ ಅನ್ನೋದು ಇದೆ ಅಂತ ತೋರಿಸಿದ್ದೇ ಒಂದು ಸಾಹಸ. 1950ರ ದಶಕದಲ್ಲಿ, ಸ್ಟಿರಾಯ್ಡ್ ಜಾತಿಯದೇ ಆದ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಏನೋ ಒಂದು ರಾಸಾಯನಿಕ ಕ್ರಿಯೆಯಲ್ಲಿ ಬದಲಾಗಿ ಕೆಲಸ ಮಾಡುತ್ತದೆ ಎಂದು ಬಹಳ ಜನ ನಂಬಿದ್ದರು. ಷಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್, ವಿಕಿರಣ ಸೂಸುವ ಟ್ರಿಷಿಯಂ ಸೇರಿಸಿ ಈಸ್ಟ್ರೋಜನ್ ತಯಾರಿಸಿ, ಎಳೆಯ ಹೆಣ್ಣಿಲಿಗಳಿಗೆ ಕೊಟ್ಟು, ಅದು ಎಲ್ಲಿ ಹೋಗುತ್ತದೆ ಅಂತ ಬೆನ್ನುಹತ್ತಿದರು. ಸ್ನಾಯುವಿಗೆ ಹೋದದ್ದು ಬೇಗ ಹೊರಟುಹೋಯಿತು. ಗರ್ಭಕೋಶದಲ್ಲಿ ಮಾತ್ರ ಗಂಟೆಗಟ್ಟಲೆ ಉಳಿಯಿತು, ಅದೂ ಒಂಚೂರೂ ಬದಲಾಗದೆ. ಅಂದರೆ ಅಲ್ಲಿ ಅದನ್ನು ಹಿಡಿದುಕೊಳ್ಳುವ ಏನೋ ಒಂದು ಇದೆ. 1958ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಇದನ್ನು ಹೇಳಿದಾಗ ಕೇಳಲು ಇದ್ದವರು ಐದೇ ಜನರಂತೆ. ಅವರಲ್ಲಿ ಮೂವರು ತಮ್ಮ ಸರದಿಗೆ ಕಾಯುತ್ತಿದ್ದ ಭಾಷಣಕಾರರು!

ಹಾರ್ಮೋನ್‌ಗೂ ಜೀನ್‌ಗೂ ಸಂಬಂಧವಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು 1960ರಲ್ಲಿ, ಜರ್ಮನಿಯಲ್ಲಿ. ಕೆರೆ ದಂಡೆಯಲ್ಲಿ ಸಂಜೆ ಮೋಡದ ಹಾಗೆ ಹಾರುತ್ತವಲ್ಲ, ಸೊಳ್ಳೆಯಂತೆ ಕಂಡರೂ ಕಚ್ಚದ ಹುಳುಗಳು, ಆ ಜಾತಿಯದೊಂದರ ಮರಿಗೆ ಉಲ್ರಿಚ್ ಕ್ಲೆವರ್ ಮತ್ತು ಪೀಟರ್ ಕಾರ್ಲ್‌ಸನ್ ಎಕ್‌ಡೈಸೋನ್ ಹಾರ್ಮೋನ್ ಚುಚ್ಚಿದರು. ಅದರ ಜೊಲ್ಲುಗ್ರಂಥಿಯ ಕ್ರೋಮೋಸೋಮುಗಳು ವಿಪರೀತ ದಪ್ಪ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಸ್ವಲ್ಪ ಹೊತ್ತಿನಲ್ಲೇ ಆ ಪಟ್ಟೆಗಳಲ್ಲಿ ಒಂದು ಪೂರಿಯ ಹಾಗೆ ಉಬ್ಬಿತು. ಜೀನ್ ಕೆಲಸಕ್ಕೆ ಇಳಿಯುವುದು ಹಾಗೆ ಕಾಣುತ್ತದೆ.

ಮುಂದಿನ ಮೂರು ದಶಕ ಭಾಗಗಳನ್ನು ಬಿಡಿಸಿ ನೋಡುವುದರಲ್ಲೇ ಕಳೆಯಿತು. 1985ರಲ್ಲಿ ರಾನ್ ಇವಾನ್ಸ್ ಅವರ ತಂಡ ಮನುಷ್ಯರ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್‌ನ ಜೀನನ್ನು ಹಿಡಿಯಿತು. ಫ್ರಾನ್ಸಿನಲ್ಲಿ ಪಿಯೇರ್ ಶಾಂಬೋ ತಂಡ ಈಸ್ಟ್ರೋಜನ್ ರಿಸೆಪ್ಟರ್‌ನದನ್ನು ಹಿಡಿಯಿತು. ಈ ಇಬ್ಬರಿಗೂ ಜೆನ್ಸನ್‌ಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲ್ಯಾಸ್ಕರ್ ಪ್ರಶಸ್ತಿ 2004ರಲ್ಲಿ ಬಂತು. 1991ರಲ್ಲಿ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್‌ನ ಒಂದು ತುಂಡು ಡಿಎನ್‌ಎ ಹಿಡಿದಿರುವ ಸ್ಫಟಿಕದ ಚಿತ್ರವೂ ಸಿಕ್ಕಿತು. ಎರಡು ರಿಸೆಪ್ಟರ್ ಜೋಡಿಯಾಗಿ, ಡಿಎನ್‌ಎ ಬರಹದ ಆರು ಅಕ್ಷರ, ನಡುವೆ ಮೂರು ಅಕ್ಷರದ ಜಾಗ, ಮತ್ತೆ ಆರು ಅಕ್ಷರ ಇರುವ ಕಡೆ ಅಪ್ಪಿಕೊಂಡಿದ್ದವು. ಬೀಗಕ್ಕೆ ಕೀಲಿ ಕೂತ ಹಾಗೆ. ಎಷ್ಟು ಅಚ್ಚುಕಟ್ಟು ಅಂದರೆ, ಹಾರ್ಮೋನ್ ಇರುವಷ್ಟು ಹೊತ್ತೂ ಅದು ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ ಎಂದು ಎಲ್ಲರೂ ಒಪ್ಪಿಬಿಟ್ಟರು.

ಆದರೆ ಸ್ಫಟಿಕಕ್ಕೆ ಜೀವ ಇಲ್ಲವಲ್ಲ. ಕೋಶವನ್ನು ಒಡೆದು, ರುಬ್ಬಿ, ಫಾರ್ಮಾಲಿನ್ ಹಾಕಿ ನೋಡಿದರೆ ಕಾಣುವುದು ನಿಂತುಹೋದ ಚಿತ್ರ. ಇದರಿಂದ ಒಮ್ಮೆ ಮೋಸ ಹೋದದ್ದೂ ಉಂಟು. ಈಸ್ಟ್ರೋಜನ್ ರಿಸೆಪ್ಟರ್ ಕೋಶಕೇಂದ್ರದ ಹೊರಗಿದ್ದು, ಹಾರ್ಮೋನ್ ಬಂದ ಮೇಲೆ ಒಳಗೆ ಹೋಗುತ್ತದೆ ಎಂದು ವರ್ಷಗಟ್ಟಲೆ ಪಾಠ ಮಾಡಿದರು. 1984ರಲ್ಲಿ ಎರಡು ತಂಡಗಳು ಬೇರೆ ಬೇರೆ ದಾರಿಯಲ್ಲಿ ನೋಡಿದಾಗ, ಅದು ಮೊದಲಿನಿಂದಲೂ ಹೆಚ್ಚಾಗಿ ಒಳಗೇ ಇತ್ತು. ಕೋಶ ಒಡೆಯುವಾಗ ಸೋರಿ ಹೊರಗೆ ಬರುತ್ತಿತ್ತು, ಅಷ್ಟೇ. ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ಆದರೋ ನಿಜಕ್ಕೂ ಕೇಂದ್ರದ ಹೊರಗೇ ಕಾಯುತ್ತದೆ. ಇವತ್ತಿಗೂ ನಮ್ಮೂರಿನ ಕ್ಯಾನ್ಸರ್ ಆಸ್ಪತ್ರೆಗಳ ಲ್ಯಾಬಿನಲ್ಲಿ ಸ್ತನದ ಗಡ್ಡೆಯ ಸ್ಲೈಡ್ ನೋಡಿದರೆ ಈಸ್ಟ್ರೋಜನ್ ರಿಸೆಪ್ಟರ್ (ಇಆರ್) ಒಳಗೇ ಇರುವುದು ಕಾಣುತ್ತದೆ. ರಿಪೋರ್ಟಿನಲ್ಲಿ 'ಇಆರ್ ಪಾಸಿಟಿವ್' ಅಂತ ಬರುತ್ತದಲ್ಲ, ಅಂಥ ಸ್ಲೈಡಿನಲ್ಲಿ ಕೋಶಗಳ ಒಳಗಿನ ಗುಂಡನೆಯ ಕೇಂದ್ರಗಳಷ್ಟೇ ಕಂದು ಬಣ್ಣಕ್ಕೆ ತಿರುಗಿರುತ್ತವೆ. ನೂರಕ್ಕೆ ಒಂದು ಕೋಶ ಹಾಗಾದರೂ ಪಾಸಿಟಿವ್ ಎಂದೇ ಲೆಕ್ಕ. ಈಸ್ಟ್ರೋಜನ್‌ಗೆ ಅಡ್ಡ ನಿಲ್ಲುವ ಟ್ಯಾಮಾಕ್ಸಿಫೆನ್ ಮಾತ್ರೆ ಕೊಡಬೇಕೋ ಬೇಡವೋ ಎಂಬುದು ಆ ಕಂದು ಚುಕ್ಕೆಗಳ ಮೇಲೆ ನಿಂತಿದೆ.

ಬದುಕಿರುವ ಕೋಶದೊಳಗೇ ನೋಡುವ ದಾರಿ ತೆರೆದದ್ದು ಜೆಲ್ಲಿಮೀನು. ಅದರ ಹಸಿರು ಹೊಳೆಯುವ ಪ್ರೋಟೀನನ್ನು ಬೇರೆ ಪ್ರೋಟೀನಿಗೆ ಬಾಲದ ಹಾಗೆ ಅಂಟಿಸಬಹುದು ಅಂತ 1990ರ ದಶಕದಲ್ಲಿ ಗೊತ್ತಾಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಗಾರ್ಡನ್ ಹೇಗರ್ ಅವರ ತಂಡ 1996ರಲ್ಲೇ ಹಸಿರು ಬಾಲದ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ಕೋಶಕೇಂದ್ರಕ್ಕೆ ಹೋಗುವುದನ್ನು ನೋಡಿತ್ತು. ಡಿಎನ್‌ಎ ಮೇಲೆ ಅದು ಏನು ಮಾಡುತ್ತದೆ ಅಂತ ನೋಡುವುದು ಕಷ್ಟ. ಒಂದು ಜೀನ್‌ನ ಹತ್ತಿರ ಇರುವುದು ಕೆಲವೇ ರಿಸೆಪ್ಟರ್, ಅಷ್ಟು ಸಣ್ಣ ಹೊಳಪು ಕಾಣುವುದಿಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ರಿಸೆಪ್ಟರ್ ಹಿಡಿಯುವ ಡಿಎನ್‌ಎ ತುಂಡು ಸುಮಾರು 200 ಸಲ ಸಾಲಾಗಿ ಸೇರಿಕೊಂಡಿದ್ದ ಇಲಿಯ ಕೋಶಗಳನ್ನು ತೆಗೆದುಕೊಂಡರು. ಹಾರ್ಮೋನ್ ಹಾಕಿದ ಮೇಲೆ ಕೋಶಕೇಂದ್ರದಲ್ಲಿ ಒಂದು ಹಸಿರು ಚುಕ್ಕೆ ಹೊಳೆಯಿತು.

ಆ ಚುಕ್ಕೆಗೆ ಮಾತ್ರ ಲೇಸರ್ ಹೊಡೆದರು. ಬಿಸಿಲಿಗೆ ಫ್ಲೆಕ್ಸ್‌ನ ಬಣ್ಣ ಮಾಸುತ್ತದಲ್ಲ, ಹಾಗೆ ಅಲ್ಲಿದ್ದ ರಿಸೆಪ್ಟರ್‌ಗಳ ಹಸಿರು ಮಾಸಿತು. ರಿಸೆಪ್ಟರ್‌ಗಳು ಅಲ್ಲೇ ಕೂತಿದ್ದರೆ ಚುಕ್ಕೆ ಕಪ್ಪಾಗೇ ಇರಬೇಕಿತ್ತು. ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಹಸಿರಾಯಿತು. ಮಾಸಿದವು ಎದ್ದು ಹೋಗಿ, ಬೇರೆಯವು ಬಂದು ನಿಂತಿದ್ದವು. 2000ನೇ ಇಸವಿಯಲ್ಲಿ ಇದು ಪ್ರಕಟವಾಯಿತು.

ನಮ್ಮ ದರ್ಶಿನಿಗಳನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ಒಂದು ಫೋಟೊ ತೆಗೆದರೆ ಎತ್ತರದ ಮೇಜಿನ ಸುತ್ತ ನಾಲ್ಕು ಜನ. ಒಂಬತ್ತಕ್ಕೆ ತೆಗೆದರೂ ನಾಲ್ಕು ಜನ. ಫೋಟೊ ಮಾತ್ರ ನೋಡಿದವರು ಇವರು ಇಲ್ಲೇ ಠಿಕಾಣಿ ಹೂಡಿದ್ದಾರೆ ಅಂದುಕೊಳ್ಳಬಹುದು. ಇಡ್ಲಿ-ವಡೆ ತಿಂದು, ಕಾಫಿ ಕುಡಿದು ಹೋಗುವವರ ಜಾಗಕ್ಕೆ ಪ್ಲೇಟು ಹಿಡಿದು ಕಾಯುತ್ತಿದ್ದವರು ಬಂದಿರುತ್ತಾರೆ ಅನ್ನೋದು ಅಲ್ಲಿ ನಿಂತವರಿಗಷ್ಟೇ ಗೊತ್ತು. ಎಲ್ಲರಿಗೂ ಹಸಿರು ಟೋಪಿ ಹಾಕಿಸಿ, ಒಂದು ಮೇಜಿನವರ ಟೋಪಿ ಕಿತ್ತುಕೊಂಡು ನೋಡಿ. ಹೇಗರ್ ತಂಡ ಮಾಡಿದ್ದು ಅದನ್ನೇ.

ಬಹಳ ಜನ ಒಪ್ಪಲಿಲ್ಲ. ಇನ್ನೂರು ತುಂಡಿನ ಸಾಲು ಸಹಜವಲ್ಲ, ಅಲ್ಲಿ ಕಂಡದ್ದನ್ನು ಎಲ್ಲ ಜೀನಿಗೂ ಹೇಗೆ ಅನ್ವಯಿಸುತ್ತೀರಿ ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬಂದದ್ದು ಹತ್ತು ವರ್ಷ ಕಳೆದ ಮೇಲೆ, ಒಂದೊಂದೇ ಅಣುವನ್ನು ಹಿಂಬಾಲಿಸುವ ಸೂಕ್ಷ್ಮದರ್ಶಕಗಳು ಬಂದಾಗ. ಸಹಜ ಜಾಗಗಳಲ್ಲೂ ರಿಸೆಪ್ಟರ್ ಅಲೆದಾಡುತ್ತದೆ, ಡಿಎನ್‌ಎಗೆ ತಾಗಿ ಚಕ್ಕನೆ ಬಿಡುತ್ತದೆ, ಸರಿಯಾದ ಜಾಗ ಸಿಕ್ಕರೂ ಸಾಮಾನ್ಯವಾಗಿ ನಿಲ್ಲುವುದು ಸೆಕೆಂಡುಗಳ ಲೆಕ್ಕದಲ್ಲಿ. ಇನ್ನೊಂದು ವಿಷಯ: ಡಿಎನ್‌ಎ ಸುತ್ತಿಕೊಂಡು ಬಿಗಿಯಾಗಿರುತ್ತದೆ. ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ಕೂರುವುದು ಬಹುಪಾಲು ಮೊದಲೇ ಬಿಚ್ಚಿಕೊಂಡಿರುವ ಕಡೆ. ಯಾವ ಕೋಶದಲ್ಲಿ ಯಾವ ಭಾಗ ಬಿಚ್ಚಿದೆ ಎಂಬುದು ಬೇರೆ ಬೇರೆ. ಅದಕ್ಕೇ ಒಂದೇ ಹಾರ್ಮೋನ್ ಪಿತ್ತಜನಕಾಂಗದಲ್ಲಿ ಒಂದು, ಶ್ವಾಸನಾಳದಲ್ಲಿ ಇನ್ನೊಂದು ಕೆಲಸ ಮಾಡುತ್ತದೆ.

ಸೆಕೆಂಡು ನಿಂತು ಹೋಗುವುದರಿಂದ ಜೀನ್ ಹೇಗೆ ಗಂಟೆಗಟ್ಟಲೆ ದುಡಿಯುತ್ತದೆ? ಇದು ಇನ್ನೂ ಬಿಸಿ ಚರ್ಚೆಯ ವಿಷಯ. ಬಳ್ಳಾರಿ ರಸ್ತೆಯ ಜಿಕೆವಿಕೆ ಕ್ಯಾಂಪಸ್ಸಿನೊಳಗಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಡಿಂಪಲ್ ನೋಟಾನಿ ಅವರ ತಂಡ ಈ ಕಡೆ ಕೆಲಸ ಮಾಡಿದೆ. ಹಾರ್ಮೋನ್ ಬಂದಾಗ ಈಸ್ಟ್ರೋಜನ್ ರಿಸೆಪ್ಟರ್ ಡಿಎನ್‌ಎಯ ಹಲವು ಜಾಗಗಳಲ್ಲಿ ಒಟ್ಟಿಗೆ ಗುಂಪುಗೂಡುತ್ತದೆ, ಆ ಗುಂಪುಗಳೂ ತಾತ್ಕಾಲಿಕ ಎಂಬುದನ್ನು ಅವರು 2020ರಲ್ಲಿ ವರದಿ ಮಾಡಿದರು. ಒಬ್ಬೊಬ್ಬರೇ ಬಂದು ಹೋಗುವುದಕ್ಕಿಂತ ಗುಂಪು ಸೇರಿದಾಗ ಮೇಜು ಖಾಲಿ ಬೀಳುವುದು ಕಡಿಮೆ ಅಂತ ನನ್ನ ದರ್ಶಿನಿ ಬುದ್ಧಿಗೆ ಅನ್ನಿಸುತ್ತದೆ.

ಸುಮ್ನೆ ಕುತೂಹಲಕ್ಕೆ ಅಂದುಕೊಳ್ಳಬೇಡಿ. ನಮ್ಮ ದೇಹ ಕಾರ್ಟಿಸೋಲನ್ನು ಒಂದೇ ಸಮ ಸುರಿಸುವುದಿಲ್ಲ. ಸುಮಾರು ಗಂಟೆಗೊಮ್ಮೆ ಅಲೆಯಾಗಿ ಬಿಡುತ್ತದೆ, ಬೆಳಿಗ್ಗೆ ಏಳುವ ಹೊತ್ತಿಗೆ ಜಾಸ್ತಿ, ಮಧ್ಯರಾತ್ರಿ ಕಡಿಮೆ. 2009ರಲ್ಲಿ ಹೇಗರ್ ತಂಡ ಕೋಶಗಳಿಗೆ ಸಹಜ ಹಾರ್ಮೋನನ್ನು ಹೀಗೇ ಬಿಟ್ಟು ಬಿಟ್ಟು ಕೊಟ್ಟು ನೋಡಿತು. ಜೀನ್‌ಗಳು ಆ ಅಲೆಯ ಜೊತೆಗೇ ಏರಿ ಇಳಿದವು. ರಿಸೆಪ್ಟರ್ ಬೇಗ ಎದ್ದು ಹೋಗುವುದರಿಂದಲೇ ಅದು ಸಾಧ್ಯ. ಅದೇ ಡೆಕ್ಸಾಮೆಥಾಸೋನ್ ಎಂಬ ಕೃತಕ ಸ್ಟಿರಾಯ್ಡ್ ಕೊಟ್ಟಾಗ ಇಳಿಯಲಿಲ್ಲ, ಆ ಮಾತ್ರೆಯ ಅಣು ರಿಸೆಪ್ಟರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೋವಿಡ್ ಕಾಲದಲ್ಲಿ ಎಷ್ಟೋ ಜೀವ ಉಳಿಸಿದ ಔಷಧ ಇದೇ.

ಹೋದ ವರ್ಷ ನನ್ನ ಉಬ್ಬಸ ಇನ್ಹೇಲರ್‌ಗೆ ಬಗ್ಗಲಿಲ್ಲ. ಡಾಕ್ಟರ್ ಐದು ದಿನಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟರು. ರಾತ್ರಿ ನುಂಗಬಹುದಾ ಅಂತ ಕೇಳಿದೆ, ಕೆಮ್ಮು ಜಾಸ್ತಿಯಾಗುತ್ತಿದ್ದುದು ರಾತ್ರಿಯೇ. "ಬೇಡ, ತಿಂಡಿ ಆದ ಮೇಲೇ ತಗೊಳ್ಳಿ. ಆಗ ನಿಮ್ಮ ಮೈಯೂ ಅದನ್ನೇ ಬಿಡ್ತಿರುತ್ತೆ" ಅಂದರು. ಮೆಡಿಕಲ್ ಶಾಪಿನ ಹುಡುಗ ಮಾತ್ರೆಯ ಕವರಿನ ಮೇಲೆ ಪೆನ್ನಿನಲ್ಲಿ 1-0-0 ಅಂತ ಬರೆದು ಕೈಗಿಟ್ಟ.