ಎಂಆರ್‌ಐ ಕೋಣೆಯಲ್ಲಿ ಗೋಡೆಯ ದಪ್ಪಕ್ಕಿಂತ ಬಾಗಿಲ ಸಂದು ಮುಖ್ಯ
ಎಂಆರ್‌ಐ ಕೋಣೆಯ ಗೋಡೆಯಲ್ಲಿ ದಪ್ಪ ಸೀಸ ತುಂಬಿರುತ್ತದೆ ಎಂದು ನಂಬಿದವರು ಬಹಳ. ಸೀಸ ಬೇಕಾಗುವುದು ಎಕ್ಸ್‌ರೇ, ಸಿಟಿ ಕೋಣೆಗಳಿಗೆ. ಇಲ್ಲಿ ಸಾಮಾನ್ಯವಾಗಿ ಇರುವುದು ತೆಳು ತಾಮ್ರದ ತಗಡು. ಅದು ಕಾಂತಕ್ಷೇತ್ರವನ್ನೂ ಕಟ್ಟಿಹಾಕುವುದಿಲ್ಲ. ಸ್ಥಿರ ಕಾಂತಕ್ಷೇತ್ರ ತಾಮ್ರವನ್ನು ಸಲೀಸಾಗಿ ದಾಟುತ್ತದೆ. ತಗಡು ತಡೆಯಬೇಕಿರುವುದು ಹೊರಗಿನ ರೇಡಿಯೋ ತರಂಗಗಳನ್ನು.

1.5 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಯಂತ್ರ ದೇಹದ ಹೈಡ್ರೋಜನ್ನಿನ ಸಂಕೇತವನ್ನು ಸುಮಾರು 64 ಮೆಗಾಹರ್ಟ್ಸ್‌ನಲ್ಲಿ ಆಲಿಸುತ್ತದೆ, 3 ಟೆಸ್ಲಾ ಯಂತ್ರ ಸುಮಾರು 128ರಲ್ಲಿ. ಈ ಎರಡನೆಯದು ವಿಮಾನದ ಪೈಲಟ್‌ಗಳು ಮಾತಾಡುವ 118–137 ಮೆಗಾಹರ್ಟ್ಸ್ ಪಟ್ಟಿಯೊಳಗೇ ಬೀಳುತ್ತದೆ! ದೇಹದ ಸಂಕೇತವೋ ಅತಿ ಕ್ಷೀಣ. ಅದಕ್ಕೇ ಕೋಣೆಗೆ ಸುಮಾರು 100 ಡೆಸಿಬೆಲ್ ತಡೆ ಕೇಳುತ್ತಾರೆ, ಅಂದರೆ ಹೊರಗಿನ ಶಕ್ತಿಯಲ್ಲಿ ಸಾವಿರ ಕೋಟಿಗೆ ಒಂದು ಪಾಲಷ್ಟೇ ಒಳಗೆ ಬರಬೇಕು.

ಲೋಹ ಹೊದಿಸಿ ತಡೆಯುವ ಈ ಉಪಾಯದ ಮೂಲ ವಿಜ್ಞಾನಿ ಮೈಕೆಲ್ ಫ್ಯಾರಡೆ. 1836ರಲ್ಲಿ ಲಂಡನ್ನಿನಲ್ಲಿ ಅವರು 12 ಅಡಿ ಉದ್ದ, ಅಗಲ, ಎತ್ತರದ ಕೋಣೆ ಕಟ್ಟಿಸಿ, ಲೋಹ ಹೊದಿಸಿ, ಹೊರಮೈಗೆ ವಿದ್ಯುತ್ ತುಂಬಿಸಿ ತಾವೇ ಒಳಗೆ ನಿಂತರು. ಒಳಗಿನ ಮಾಪಕಗಳಿಗೆ ಏನೂ ತಾಗಲಿಲ್ಲ. ಆದರೆ ಅವರದು ಸ್ಥಿರ ವಿದ್ಯುತ್ತು. ರೇಡಿಯೋ ತರಂಗ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ತರಂಗ ತಾಕಿದಾಗ ತಗಡಿನ ಮೈಮೇಲೆ ವಿದ್ಯುತ್ ಹರಿದು, ಆ ಹರಿವೇ ತರಂಗವನ್ನು ಹಿಂದಕ್ಕೆ ತಳ್ಳುತ್ತದೆ. 64 ಮೆಗಾಹರ್ಟ್ಸ್‌ನಲ್ಲಿ ಈ ಹರಿವು ತಾಮ್ರದೊಳಗೆ ಸುಮಾರು 8 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಎಂಟು ಪಾಲು) ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಮೂರನೇ ಒಂದರಷ್ಟಾಗುತ್ತದೆ. ಹಾಗಾಗಿ ದಪ್ಪ ಹೆಚ್ಚಿಸಿ ಫಲವಿಲ್ಲ, ದಾರಿ ಕಡಿಯದಿರಬೇಕು. ನಡುವೆ ಸೀಳು ಬಂದರೆ ವಿದ್ಯುತ್ತು ಅದನ್ನು ಬಳಸಿಕೊಂಡು ಹೋಗಬೇಕಾಗುತ್ತದೆ, ಸೀಳೇ ಆಂಟೆನಾ ಆಗುತ್ತದೆ. ಇಲ್ಲಿ ಅಗಲಕ್ಕಿಂತ ಉದ್ದವೇ ಅಪಾಯಕಾರಿ. ಅರ್ಧ ತರಂಗದೂರದ ಹತ್ತಿರ ಬಂದ ಸೀಳು ಅತಿ ಹೆಚ್ಚು ಸೋರುತ್ತದೆ, 128 ಮೆಗಾಹರ್ಟ್ಸ್‌ಗೆ ಅದು 1.17 ಮೀಟರ್, ಬಾಗಿಲ ಒಂದು ಅಂಚಿನ ಅಳತೆ. ಅದೇ ವಿಸ್ತೀರ್ಣವನ್ನು ಪುಟ್ಟ ತೂತುಗಳಾಗಿ ಹಂಚಿದರೆ ಸೋರಿಕೆ ತೀರಾ ಕಡಿಮೆ. ಕಿಟಕಿಗೆ ತಂತಿಬಲೆ, ಗಾಳಿಕಿಂಡಿಗೆ ಜೇನುಗೂಡಿನ ಜಾಲರಿ ಸಾಕಾಗುವುದು ಹೀಗೆ.

ಬಾಗಿಲಂಚಿನಲ್ಲಿ, ಚೌಕಟ್ಟಿನೊಂದಿಗೆ ವಿದ್ಯುತ್ ಸಂಪರ್ಕ ಕೂಡಿಸಲು, ಬೆರಿಲಿಯಂ ತಾಮ್ರದ ಸ್ಪ್ರಿಂಗ್ ಬೆರಳುಗಳ ಸಾಲು ಇರುತ್ತದೆ. ಟ್ರಾಲಿ ತಗುಲಿ ನಾಲ್ಕು ಬೆರಳು ಬಾಗಿದರೂ, ಜಿಡ್ಡು ಕೂತರೂ ಸಂಪರ್ಕ ತಪ್ಪುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಮುರಿದವನ್ನು ಬದಲಿಸಬೇಕು. ಉಕ್ಕಿನ ನಾರು ಬೇಡವೇ ಬೇಡ, ಒಳಗಿರುವುದು ಮ್ಯಾಗ್ನೆಟ್.

ಕೊಳವೆಗಳಿಗೆ ಗೋಡೆಯಲ್ಲಿ ವೇವ್‌ಗೈಡ್ ಎಂಬ ಲೋಹದ ನಳಿಕೆ ಇದೆ. 10 ಸೆಂಟಿಮೀಟರ್ ವ್ಯಾಸದ ನಳಿಕೆ ಸುಮಾರು 1.76 ಗಿಗಾಹರ್ಟ್ಸ್‌ಗಿಂತ (1,760 ಮೆಗಾಹರ್ಟ್ಸ್) ಕೆಳಗಿನದನ್ನು ಸಾಗಗೊಡದು. ವ್ಯಾಸದಷ್ಟು ಉದ್ದಕ್ಕೊಮ್ಮೆ ಸುಮಾರು 32 ಡೆಸಿಬೆಲ್ ಇಳಿಯುತ್ತದೆ. 40 ಸೆಂಟಿಮೀಟರ್ ಉದ್ದವಿದ್ದರೆ ನಿಶ್ಚಿಂತೆ. ಅದರೊಳಗೆ ಮಾನಿಟರಿನ ತಂತಿ ತೂರಿಸಿದಿರೋ, ಕೆಲಸ ಕೆಟ್ಟಿತು: ತಂತಿ, ನಳಿಕೆ ಎರಡೂ ಸೇರಿ ಟಿವಿ ಕೇಬಲ್ಲಿನಂತಾಗಿ ಎಲ್ಲ ತರಂಗವನ್ನೂ ಒಳಗೆ ತರುತ್ತವೆ. ಆಪ್ಟಿಕಲ್ ಫೈಬರ್ ತೂರಿಸಬಹುದು. ವಿದ್ಯುತ್ ತಂತಿಗೆ ಫಿಲ್ಟರ್ ಇರುವ ಪ್ಯಾನೆಲ್ಲೇ ದಾರಿ.

ಚಿತ್ರದಲ್ಲಿ ಜಿಪ್ಪಿನಂಥ ಚುಕ್ಕೆಗೆರೆ ಕಂಡರೆ, ಅಂದರೆ ಬೇಡದ ತರಂಗ ಸೇರಿದ್ದರೆ, ಮೊದಲು ಬಾಗಿಲು ಪೂರ್ತಿ ಮುಚ್ಚಿದೆಯೇ ನೋಡಿ. ಮುಚ್ಚಿದ್ದರೆ ಒಳಗಿನ ಪಂಪು, ಮಾನಿಟರು, ದೀಪಗಳನ್ನು ಒಂದೊಂದಾಗಿ ತೆಗೆದು ಅಥವಾ ಆರಿಸಿ ಮತ್ತೆ ಸ್ಕ್ಯಾನ್ ಮಾಡಿ. ಚಿತ್ರವಿಡೀ ಓರೆ ಪಟ್ಟೆಗಳಾದರೆ ಬಾಗಿಲ ರಿಪೇರಿಗೆ ಇಳಿಯಬೇಡಿ. ಅದು ಬಹುಪಾಲು ಒಳಗೇ ಹಾರಿದ ಕಿಡಿ: ಒಣಗಾಳಿಯ ಸ್ಥಿರ ವಿದ್ಯುತ್ತು ಅಥವಾ ಸಡಿಲಾದ ತಿರುಪು.