ತಲೆ ತಾಗಿದ ಮೇಲೆ ಮೊಬೈಲ್ ಟಾರ್ಚ್ ಬೇಡ

ಕೊಡಗಿನ ಹಳೆ ಮನೆಗಳ ಬಾಗಿಲು ಗಿಡ್ಡ. ಪುತ್ತರಿ ಹಬ್ಬಕ್ಕೆ ಊರಿಗೆ ಬಂದವರು ಐನ್‌ಮನೆಯ (ಕುಟುಂಬದ ಹಿರಿಮನೆಯ) ಚೌಕಟ್ಟಿಗೆ ತಲೆ ಬಡಿಸಿಕೊಳ್ಳುವುದು ಹೊಸದೇನಲ್ಲ. ಅವರಲ್ಲಿ ಕೆಲವರು ನಾಲ್ಕೈದು ದಿನ ಬಿಟ್ಟು ನನ್ನ ಕ್ಲಿನಿಕ್‌ಗೆ ಬರುತ್ತಾರೆ. ಬುಗುಟು ಇಳಿದಿರುತ್ತದೆ, ಭಯ ಇಳಿದಿರುವುದಿಲ್ಲ. "ಡಾಕ್ಟ್ರೇ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದಾ? ಒಂದು ಸ್ಕ್ಯಾನ್ ಮಾಡಿಸ್ಲಾ?"

ರಾತ್ರಿ ಮೊಬೈಲ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ಕಣ್ಣಿನ ಪಾಪೆ ನೋಡಿಕೊಂಡವರೂ ಇದ್ದಾರೆ. ಒಂದು ಪಾಪೆ ಸ್ವಲ್ಪ ದೊಡ್ಡದು ಕಂಡಿತಂತೆ. ಸುಮಾರು ಐದು ಜನರಲ್ಲಿ ಒಬ್ಬರಿಗೆ ಅಷ್ಟು ವ್ಯತ್ಯಾಸ ಇರುವುದು ಸಹಜ, ಅದುವರೆಗೆ ಗಮನಿಸಿರುವುದಿಲ್ಲ ಅಷ್ಟೇ. ಒಳಗೆ ರಕ್ತ ಸೇರಿ, ಮಿದುಳಿನ ಮೇಲೆ ಒತ್ತಡ ಬಿದ್ದು ಪಾಪೆ ಹಿಗ್ಗುವ ಹೊತ್ತಿಗೆ ಮನುಷ್ಯನಿಗೆ ಮಂಪರು ಹಿಡಿದಿರುತ್ತದೆ. ಕನ್ನಡಿ ಮುಂದೆ ನಿಂತು ಅಳತೆ ಹಾಕುವ ಸ್ಥಿತಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಬುಗುಟಿನ ಗಾತ್ರವೂ ಒಳಗಿನ ಕಥೆ ಹೇಳುವುದಿಲ್ಲ. ನೆತ್ತಿಯ ಚರ್ಮದಲ್ಲಿ ರಕ್ತನಾಳ ಜಾಸ್ತಿ, ಕೆಳಗೆ ಗಟ್ಟಿ ಮೂಳೆ. ಹಾಗಾಗಿ ಸಣ್ಣ ಪೆಟ್ಟಿಗೂ ಬೇಗ ಊದಿಕೊಳ್ಳುತ್ತದೆ.

ಹಾಗಾದರೆ ವಾರವಾದರೂ ತಲೆನೋವು, ತಲೆ ಹಗುರಾದಂತೆ ಆಗುವುದು ಯಾಕೆ? ಎರಡು ಕಾರಣ ಹೆಚ್ಚಾಗಿ ಕಾಣುತ್ತೇನೆ. ಒಂದು, ಕನ್ಕಶನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುವುದು. ಪ್ರಜ್ಞೆ ತಪ್ಪದೆಯೂ ಆಗಬಹುದು, ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ದೊಡ್ಡವರಲ್ಲಿ ಹೆಚ್ಚಾಗಿ ಎರಡು ವಾರದ ಆಚೀಚೆ ತಾನೇ ಹೋಗುತ್ತದೆ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನಕ್ಕೆ ಕೆಲಸ. ಹಾಕಿ ಆಡುವವರು ಮಾತ್ರ ಪೂರ್ತಿ ಸರಿಹೋಗುವ ತನಕ ಮೈದಾನಕ್ಕಿಳಿಯಬಾರದು. ಎರಡನೆಯದು, ಹೆದರಿಕೆಯೇ. ನಿದ್ದೆಗೆಟ್ಟು, ಕುತ್ತಿಗೆ ಬಿಗಿಹಿಡಿದು ಫೋನಿನಲ್ಲಿ ಲಕ್ಷಣ ಹುಡುಕುತ್ತಾ ಕೂತರೆ ಯಾರಿಗಾದರೂ ತಲೆ ನೋಯದೆ ಇರುತ್ತದಾ? ಆ ನೋವು ನಾಟಕವಲ್ಲ, ನಿಜವಾದದ್ದೇ. ದಿನಕ್ಕೆ ಹತ್ತು ಸಲ "ಈಗ ನೋಯ್ತಿದೆಯಾ" ಎಂದು ಪರೀಕ್ಷಿಸಿಕೊಳ್ಳುವುದನ್ನು ಬಿಟ್ಟರೆ ಅರ್ಧ ಕಡಿಮೆಯಾಗುತ್ತದೆ ಎಂದು ನನ್ನ ಅನುಭವ.

ಸ್ಕ್ಯಾನ್ ಯಾರಿಗೆ ಬೇಕು ಅನ್ನುವುದಕ್ಕೆ ಕೆನಡಾದ ವೈದ್ಯರು 2001ರಲ್ಲಿ ಕೊಟ್ಟ ನಿಯಮ ಇಂದಿಗೂ ಕೆಲಸಕ್ಕೆ ಬರುತ್ತದೆ. ಪೆಟ್ಟಾದಾಗ ಪ್ರಜ್ಞೆ ತಪ್ಪಿದ, ಗೊಂದಲವಾದ ಅಥವಾ ನಡೆದದ್ದು ಮರೆತ ದೊಡ್ಡವರಲ್ಲಿ ಅದು ನೋಡುವುದು ಇಂಥದ್ದನ್ನು: ಎರಡು ಗಂಟೆಯಾದರೂ ಪೂರ್ತಿ ಎಚ್ಚರವಾಗದಿರುವುದು, ಎರಡು ಅಥವಾ ಹೆಚ್ಚು ಸಲ ವಾಂತಿ, ಕಿವಿ ಮೂಗಿನಿಂದ ನೀರಿನಂಥ ದ್ರವ, 65 ಅಥವಾ ಹೆಚ್ಚು ವಯಸ್ಸು, ಮೂರು ಅಡಿಗಿಂತ ಎತ್ತರದಿಂದ ಬೀಳುವುದು. ನಮ್ಮಲ್ಲಿ ಮೆಣಸು ಕೊಯ್ಯುವ ಏಣಿ ಎಷ್ಟು ಎತ್ತರ ಅಂತ ಎಲ್ಲರಿಗೂ ಗೊತ್ತು. ಅಲ್ಲಿಂದ ಬಿದ್ದ ಕಾರ್ಮಿಕ "ಏನಾಗಿಲ್ಲ ಸಾರ್" ಎಂದು ಎದ್ದು ನಿಂತರೂ ಆಸ್ಪತ್ರೆಗೆ ಕಳಿಸಿ. ಚೌಕಟ್ಟಿಗೆ ತಲೆ ತಾಗಿದವರು ಗಾಬರಿ ಬೀಳುವುದು, ಏಣಿಯಿಂದ ಬಿದ್ದವರು ಸುಮ್ಮನಿರುವುದು, ಇದೊಂದು ನನಗೆ ಯಾವತ್ತೂ ಬೇಸರ.

ನನ್ನನ್ನು ನಿಜಕ್ಕೂ ಕಾಡುವವರು ವಯಸ್ಸಾದವರು. ಅಜ್ಜ ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ. ಮೂರ್ನಾಲ್ಕು ವಾರದ ಮೇಲೆ ನಡಿಗೆ ಓಲಾಡುತ್ತದೆ, ಮಾತು ಮರೆತುಹೋಗುತ್ತದೆ. ಮನೆಯವರು "ವಯಸ್ಸಾಯ್ತು" ಅಂತಾರೆ. ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಸೇರಿರಬಹುದು. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಪಾಯ ಜಾಸ್ತಿ. ಇವರಿಗೆ ಸಣ್ಣ ಪೆಟ್ಟಾದರೂ ಅದೇ ದಿನ ತೋರಿಸಬೇಕು. ಹೊತ್ತು ಕಳೆದಷ್ಟೂ ಹೆಚ್ಚಾಗುವ ತಲೆನೋವು, ಫಿಟ್ಸ್, ಒಂದು ಕೈ ಅಥವಾ ಕಾಲಿನಲ್ಲಿ ಬಲ ಕಡಿಮೆ, ತೊದಲು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಇವು ಯಾವ ವಯಸ್ಸಿನವರಲ್ಲಿ ಕಂಡರೂ ಕಾಯಬೇಡಿ.

ಪೆಟ್ಟಾದವರನ್ನು ರಾತ್ರಿಯಿಡೀ ಮಲಗಲು ಬಿಡದೆ ಕೂರಿಸುವ ಅಗತ್ಯವಿಲ್ಲ. ವೈದ್ಯರು ನೋಡಿ ಮನೆಗೆ ಕಳಿಸಿದ್ದರೆ ನಿದ್ದೆ ಮಾಡಲಿ. ಮೊದಲ ದಿನ ಜೊತೆಗೆ ಒಬ್ಬರು ಇದ್ದರೆ ಸಾಕು. ನೋವಿಗೆ ಪ್ಯಾರಾಸಿಟಮಾಲ್ ಪರವಾಗಿಲ್ಲ, ಕುಡಿತ ಬೇಡ.

ಮಳೆಗಾಲದಲ್ಲಿ ನನ್ನ ಲೆಕ್ಕ ಬೇರೆ. ರಸ್ತೆಗೆ ಮರ ಬಿದ್ದಿರುತ್ತದೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ದೊಡ್ಡ ಆಸ್ಪತ್ರೆಗಳಿರುವ ಮೈಸೂರಿಗೆ ಮಡಿಕೇರಿಯಿಂದಲೇ ಸುಮಾರು 120 ಕಿಲೋಮೀಟರ್. ಒಳಗಿನ ತೋಟದಲ್ಲಿ ಇರುವವರು "ಬೆಳಗ್ಗೆ ನೋಡೋಣ" ಅನ್ನದೆ, ಬೆಳಕಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಪೆಟ್ಟಾದ ಹೊತ್ತನ್ನು ಬರೆದಿಟ್ಟುಕೊಳ್ಳಿ, ದಿನಾ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ.