ಹಾಲಿಗೆ ಹೋದವರು ಮೊಸರು ತಂದ ದಿನ

ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಆದ ನನ್ನ ಹತ್ತಿರ ಬರುವ ತಂದೆ ತಾಯಂದಿರು ಮೊದಲ ದಿನವೇ ಕೇಳುತ್ತಾರೆ: "ನಾವು ಹೋದ ಮೇಲೆ ಇವನ ಗತಿ ಏನು?" ಒಮ್ಮೆ ಹೀಗೆ ಕೇಳಿದಾಗ ಪಕ್ಕದಲ್ಲಿ ಕೂತಿದ್ದ 'ಇವನಿಗೆ' 34 ವರ್ಷ. ಬೌದ್ಧಿಕ ಬೆಳವಣಿಗೆಯ ತೊಂದರೆ ಇತ್ತು, ಮಾತು ಕಡಿಮೆ. ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. ಮನೆಯಲ್ಲಿ ಮಾತ್ರ ಇನ್ನೂ 'ಮಗು'.

ಅವರಿಗೆ ಕಾಫಿ, ಟೀ ಎರಡರಲ್ಲಿ ಯಾವುದು ಇಷ್ಟ ಅಂತ ಕೇಳಿದೆ. ಉತ್ತರ ಕೊಟ್ಟಿದ್ದು ಅಮ್ಮ.

ಟೀ ಮಾಡುವುದರಿಂದಲೇ ಶುರು ಮಾಡಿದೆವು. ನೀರಿಡುವುದರಿಂದ ಹಿಡಿದು ಹೇಳಿಕೊಟ್ಟರೆ ಅರ್ಧಕ್ಕೇ ತಪ್ಪಿ, ಅಲ್ಲಿಗೇ ಬಿಟ್ಟುಬಿಡುವವರು ಜಾಸ್ತಿ. ಅದಕ್ಕೇ ಕೊನೆಯಿಂದ ಹಿಂದಕ್ಕೆ ಹೋಗುತ್ತೇವೆ. ಮೊದಲ ವಾರ ಎಲ್ಲ ನಾವೇ ಮಾಡಿ, ಸೋಸುವುದನ್ನಷ್ಟೇ ಅವರಿಗೆ ಬಿಡುವುದು. ಸೋಸಿದ ಕೂಡಲೇ ಕುಡಿಯಬಹುದಲ್ಲ! ಕೆಲಸ ಮುಗಿಸಿದ ಖುಷಿ ದಿನವೂ ಸಿಗುತ್ತದೆ. ಅದು ಕೂತ ಮೇಲೆ ಹಾಲು, ಆಮೇಲೆ ಸಕ್ಕರೆ, ಪುಡಿ. ಗ್ಯಾಸ್ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಅಂಗಡಿಗೆ ಹೋಗುವುದೂ ಹೀಗೆ ಹಂತ ಹಂತವಾಗಿ. ಮೊದಲು ಜೊತೆಯಲ್ಲಿ, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ರಸ್ತೆ ತಿರುವಿನ ತನಕ. ಕೊನೆಗೆ ಒಬ್ಬರೇ ಹಾಲು ತರಲು ಹೋದ ದಿನ ಮೊಸರು ತಂದರು. ಅಮ್ಮ ತಲೆ ಮೇಲೆ ಕೈ ಹೊತ್ತು ಕೂತರು. "ನೋಡಿ, ಇವನಿಗೆ ಆಗಲ್ಲ ಅಂದಿದ್ನಲ್ಲ!" ಯಾಕೆ ಮೊಸರು ಅಂತ ತಂದವರನ್ನೇ ಕೇಳಿದೆ. "ಮೊಸರನ್ನ ಬೇಕು," ಅಂದರು.

ಪಾಠ ಕೆಟ್ಟಿತು ಅಂತ ನನಗೆ ಅನ್ನಿಸಲಿಲ್ಲ. ನಾನು ಕೂಡ ಬೇಳೆಗೆ ಹೋಗಿ ಚಕ್ಕುಲಿ ತಂದವಳೇ. ನನ್ನ ಬುದ್ಧಿಯ ಬಗ್ಗೆ ಯಾರೂ ಮೀಟಿಂಗ್ ಮಾಡಲಿಲ್ಲ, ಅಲ್ವಾ?

ಇನ್ನು ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮುದಾಯದ ನಡುವೆ ಬದುಕುವ ಹಕ್ಕು ಕೊಡುತ್ತದೆ. ಇಂಥ ಕಡೆಯೇ ಇರಬೇಕು ಅನ್ನುವ ಕಟ್ಟುಪಾಡು ಇರದಂತೆ ಸರ್ಕಾರ ಪ್ರಯತ್ನಿಸಬೇಕು ಅಂತಲೂ ಅದರಲ್ಲಿದೆ. ಆದರೂ 18 ತುಂಬಿದ ಕೂಡಲೇ ತುಂಬಾ ಮನೆಯವರು ಮಕ್ಕಳ ಪರವಾಗಿ ತೀರ್ಮಾನ ಮಾಡುವ ಅಧಿಕಾರಕ್ಕೆ, ಅಂದರೆ ಪೋಷಕತ್ವ ಅಥವಾ ಗಾರ್ಡಿಯನ್‌ಶಿಪ್‌ಗೆ ಓಡುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿ ಅದನ್ನು ಕೊಡುತ್ತದೆ. ಕೆಲವರಿಗೆ ಬೇಕೇಬೇಕು, ನಿಜ. ಆದರೆ 2016ರ ಕಾಯ್ದೆ ಹೇಳುವ 'ಸೀಮಿತ' ಪೋಷಕತ್ವದಲ್ಲಿ ಪೋಷಕರು, ಅಂಗವಿಕಲ ವ್ಯಕ್ತಿ ಇಬ್ಬರೂ ಕೂತು, ಆ ವ್ಯಕ್ತಿಯ ಇಷ್ಟ ತಿಳಿದು, ಒಟ್ಟಿಗೆ ತೀರ್ಮಾನ ಮಾಡಬೇಕು. ಎಲ್ಲದಕ್ಕೂ ಅಪ್ಪನೇ ಸಹಿ ಹಾಕುವ ಲೈಸೆನ್ಸ್ ಅಂತ ಅದನ್ನು ತಿಳಿಯಬಾರದು.

ಹಣದ ವಿಷಯದಲ್ಲಿ ನನಗೆ ಭಯ ಜಾಸ್ತಿ. ನೋಟು ಎಣಿಸಲು ಕಲಿಸಿದ್ದೆವು, ಈಗ ಎಲ್ಲ ಕಡೆ ಕ್ಯೂಆರ್ ಕೋಡ್. ಸ್ವಲ್ಪವೇ ದುಡ್ಡಿರುವ ಬೇರೆ ಖಾತೆಗೆ ಯುಪಿಐ ಜೋಡಿಸಿದರೆ, ಮೋಸ ಹೋದರೂ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.

ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಬೇರೆ ಮನೆ ಮಾಡಿ ಅನ್ನುವುದು ನನ್ನ ಹಟ. ತಪ್ಪಾದರೆ ತಿದ್ದಲು ಅವರಿರುತ್ತಾರೆ. ಮೊಸರು ತಂದವರು ಈಗ ಎರಡು ಬೀದಿ ಆಚೆ ಒಂದು ರೂಮಿನ ಮನೆಯಲ್ಲಿದ್ದಾರೆ. ಬೆಳಿಗ್ಗೆ ಸಂಜೆ ಸಹಾಯಕರೊಬ್ಬರು ಬಂದು ಹೋಗುತ್ತಾರೆ. ಮೊನ್ನೆ ಭಾನುವಾರ ಅಮ್ಮ ಹುಳಿ ಮಾಡಿಕೊಂಡು ಬರ್ತೀನಿ ಅಂತ ಫೋನ್ ಮಾಡಿದರಂತೆ. "ಇವತ್ತು ಬೇಡ, ನಾಳೆ ಬಾ," ಅಂದರಂತೆ ಮಗ. ಆಕೆಗೆ ಇನ್ನೂ ಬೇಜಾರು.